ಕೆಲಸ, ಮನೆ, ನಡುವೆ ಕವಿತೆ: ದಿನಾ ಬರೀತಾ ಉಳಿಯೋದು ಹೇಗೆ

ಕವಿತೆ ಬರೆಯೋದು ಹೇಗೆ ಅಂತ ಹೇಳ್ಕೊಡೋರು ಬೇಕಾದಷ್ಟು ಜನ ಇದ್ದಾರೆ. ಆದ್ರೆ ಕೆಲಸಕ್ಕೂ ಹೋಗಿ, ಮನೇನೂ ನೋಡ್ಕೊಂಡು, ನಿದ್ದೇನೂ ಮಾಡಿ, ಇದೆಲ್ಲದರ ನಡುವೆ ವರ್ಷಗಟ್ಟಲೆ ಬರೀತಾ ಉಳಿಯೋದು ಹೇಗೆ ಅನ್ನೋದನ್ನ ಅಷ್ಟಾಗಿ ಯಾರೂ ಹೇಳಲ್ಲ. ಚೆನ್ನಾಗಿ ಬರೀತಿದ್ದ ಎಷ್ಟೋ ಜನ ಸ್ವಲ್ಪ ವರ್ಷದಲ್ಲೇ ನಿಲ್ಲಿಸಿಬಿಟ್ಟಿದ್ದನ್ನ ನೋಡಿದೀನಿ, ಅವ್ರಿಗೆ ಪ್ರತಿಭೆ ಕಮ್ಮಿ ಇತ್ತು ಅಂತ ನಂಗೆ ಯಾವತ್ತೂ ಅನ್ಸಿಲ್ಲ, ದಿನದೊಳಗೆ ಕವಿತೆಗೆ ಅಂತ ಒಂದು ಜಾಗ ಇರ್ಲಿಲ್ಲ ಅಷ್ಟೇ. ಮೂಡ್ ಬಂದಾಗ ಬರೆಯೋಣ ಅಂತ ಕೂತ್ರು, ಮೂಡ್ ಬರೋ ಹೊತ್ತಿಗೆ ಬೇರೆ ಏನೋ ಕೆಲಸ ಬಂತು, ಹಾಗೇ ಮುಂದಕ್ಕೆ ಹೋಯ್ತು. ಅದಕ್ಕೇ ಈ ಬರಹ ಪೂರ್ತಿ ಆ ಜಾಗ ಮಾಡ್ಕೊಳ್ಳೋದರ ಬಗ್ಗೆ.

ಮೊದಲು ಕೆಲಸದ ವಿಚಾರ. ನೌಕರಿ ಬಿಟ್ಟು ಪೂರ್ತಿ ಕವಿಯಾಗಿ ಬದುಕಬೇಕು ಅನ್ನೋ ಆಸೆ ಎಲ್ಲರಿಗೂ ಒಂದಲ್ಲ ಒಂದು ಸಲ ಬರುತ್ತೆ, ಬಂದಾಗ ಸ್ವಲ್ಪ ತಡೀರಿ. ಕವಿತೆಯಿಂದ ಬರೋ ದುಡ್ಡಲ್ಲಿ ಸಂಸಾರ ನಡೆಸಿದವ್ರು ಜಗತ್ತಲ್ಲಿ ಎಲ್ಲೇ ಹುಡುಕಿದ್ರೂ ತೀರಾ ಕಮ್ಮಿ, ದೊಡ್ಡ ಕವಿಗಳಲ್ಲಿ ಮುಕ್ಕಾಲು ಪಾಲು ಜನ ಬೇರೆ ಕೆಲಸ ಮಾಡ್ಕೊಂಡೇ ಬರೆದವ್ರು. ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಲಿ ಗುಮಾಸ್ತೆ ಕೆಲಸ ಮಾಡ್ತಾ ಬರೆದ್ರು, ನಿಸಾರ್ ಅಹಮದ್ ಭೂವಿಜ್ಞಾನ ಪಾಠ ಮಾಡ್ತಿದ್ರು, ಬೇಂದ್ರೆ ಮೇಷ್ಟ್ರು. ಇಂಗ್ಲೆಂಡಿನ ಕವಿ ಫಿಲಿಪ್ ಲಾರ್ಕಿನ್ 1955ರಿಂದ 1985ರಲ್ಲಿ ಸಾಯೋವರೆಗೂ ಹಲ್ ವಿಶ್ವವಿದ್ಯಾಲಯದ ಲೈಬ್ರರಿ ನಡೆಸ್ತಿದ್ರು, ಅಮೆರಿಕದ ವಾಲೇಸ್ ಸ್ಟೀವನ್ಸ್ ಇನ್ಶೂರೆನ್ಸ್ ಕಂಪನಿಲಿ ದೊಡ್ಡ ಅಧಿಕಾರಿ. ಇನ್ನೂ ಹಿಂದಕ್ಕೆ ಹೋದ್ರೆ ಹನ್ನೆರಡನೇ ಶತಮಾನದ, ಅದಕ್ಕೂ ಸ್ವಲ್ಪ ಹಿಂದಿನ ವಚನಕಾರರು, ಅಂಬಿಗರ ಚೌಡಯ್ಯ ದೋಣಿ ನಡೆಸೋನು, ನುಲಿಯ ಚಂದಯ್ಯ ಹಗ್ಗ ಹೊಸೆಯೋನು, ದಾಸಿಮಯ್ಯ ನೇಕಾರ. ಇವ್ರ ಕಾಯಕಕ್ಕೂ ಮಾತಿಗೂ ನಡುವೆ ಗೋಡೆ ಇರ್ಲಿಲ್ಲ, ಕಾಯಕದ ಮಾತೇ ವಚನದೊಳಗೆ ಬಂತು. ಹಾಗಾಗಿ ನೌಕರಿ ಕವಿತೆಗೆ ಶತ್ರು ಅಂತ ಶುರುನಲ್ಲೇ ತೀರ್ಮಾನ ಮಾಡ್ಬೇಡಿ, ನಿಮ್ಮ ಕೆಲಸದ ಜಾಗದಲ್ಲಿ ಜನ ಬಳಸೋ ಪದಗಳು, ಬೈಗುಳ, ಫೋನಲ್ಲಿ ಆಡೋ ಅರ್ಧಂಬರ್ಧ ವಾಕ್ಯ, ಇದೆಲ್ಲ ಬೇರೆ ಯಾವ ಕವಿಗೂ ಸಿಗದ ಸಾಮಾನು.

ಕೆಲಸ ಆರಿಸ್ಕೊಳ್ಳೋ ಅವಕಾಶ ಇದ್ರೆ ಮಾತ್ರ ಒಂದು ಮಾತು. ದಿನಕ್ಕೆ ಎಷ್ಟು ಗಂಟೆ ಅನ್ನೋದಕ್ಕಿಂತ ಆ ಕೆಲಸ ನಿಮ್ಮ ತಲೆಯೊಳಗಿನ ಭಾಷೇನ ಎಷ್ಟು ತಿಂದು ಹಾಕುತ್ತೆ ಅನ್ನೋದು ಮುಖ್ಯ. ದಿನವಿಡೀ ಜಾಹೀರಾತಿನ ಸಾಲು ಬರೆಯೋರು, ಸುದ್ದಿ ಎಡಿಟ್ ಮಾಡೋರು ಸಂಜೆ ಮನೆಗೆ ಬಂದ್ರೆ ಒಂದು ಪದ ನೋಡೋಕೂ ಆಗಲ್ಲ ಅಂತಾರೆ, ಕೈಯಲ್ಲಿ ಕೆಲಸ ಮಾಡೋರಿಗೆ ಮೈ ದಣಿದಿದ್ರೂ ಮಾತು ಉಳಿದಿರುತ್ತೆ. ಮಾತಿನ ಕೆಲಸದವ್ರು ನೀವಾಗಿದ್ರೆ ಬೆಳಗ್ಗೆ, ಆಫೀಸ್ ಭಾಷೆ ತಲೆಗೆ ಹತ್ತೋಕೆ ಮುಂಚೆ ಬರೆದುಬಿಡಿ, ಉಳಿದವ್ರು ಯಾವಾಗ ಬೇಕಾದ್ರೂ ಬರೀರಿ.

ಟೈಮ್ ಎಷ್ಟು ಬೇಕು ಅಂದ್ರೆ, ಶುರುವಿಗೆ ಅರ್ಧ ಗಂಟೆ ಸಾಕು, ಆದ್ರೆ ಅದು ದಿನಾ ಒಂದೇ ಹೊತ್ತಲ್ಲಿ ಇರ್ಲಿ, ಒಂದೇ ಜಾಗದಲ್ಲಿ ಇರ್ಲಿ. ಭಾನುವಾರ ಇಡೀ ದಿನ ಕೂರ್ತೀನಿ ಅನ್ನೋ ಯೋಜನೆ ಮಾತ್ರ ಬೇಡ. ಭಾನುವಾರಕ್ಕೆ ಯಾವಾಗ್ಲೂ ಏನಾದ್ರೂ ಒಂದು ಬಂದೇ ಬರುತ್ತೆ, ಮತ್ತೆ ಆರು ದಿನ ಕವಿತೆಯಿಂದ ದೂರ ಇದ್ದು ಏಳನೇ ದಿನ ಕೂತ್ರೆ ಮೊದಲ ಎರಡು ಗಂಟೆ ಹಳೇ ಸಾಲಿನ ಹದಕ್ಕೆ ವಾಪಸ್ ಬರೋದ್ರಲ್ಲೇ ಕಳೆದುಹೋಗುತ್ತೆ. ದಿನಾ ಸ್ವಲ್ಪ ಮುಟ್ಟಿದ್ರೆ ಕವಿತೆ ಬಿಸಿಯಾಗೇ ಇರುತ್ತೆ, ನೀವು ಬೇರೆ ಏನೋ ಮಾಡ್ತಿದ್ದಾಗ್ಲೂ ಒಳಗೆ ಅದು ನಡೀತಾನೇ ಇರುತ್ತೆ. ಆ ಅರ್ಧ ಗಂಟೇಲಿ ಹೊಸದು ಬರಲೇಬೇಕು ಅಂತೇನಿಲ್ಲ, ನಿನ್ನೆಯ ಸಾಲನ್ನ ಇನ್ನೊಂದ್ಸಲ ಕೈಯಲ್ಲಿ ಬರೆದ್ರೂ ಆಯ್ತು, ಒಂದು ಪದ ಬದಲಾಯಿಸಿ ಎದ್ದು ಹೋದ್ರೂ ಆಯ್ತು, ಆದ್ರೆ ಕೂರಬೇಕು, ಫೋನ್ ಬೇರೆ ರೂಮಲ್ಲಿ ಇರಬೇಕು. ಮನೆಯವ್ರಿಗೆ ಈ ಹೊತ್ತು ಯಾವುದು ಅಂತ ಬಾಯಿಬಿಟ್ಟು ಹೇಳಿ. ಹೇಳದೇ ಇದ್ದು ಆಮೇಲೆ ಡಿಸ್ಟರ್ಬ್ ಮಾಡಿದ್ರು ಅಂತ ಸಿಟ್ಟಾಗೋದು ನ್ಯಾಯ ಅಲ್ಲ, ಅವ್ರು ನಿಮ್ಮ ಅರ್ಧ ಗಂಟೆ ಕಾಯ್ತಾರೆ ಅಂದ್ರೆ ನೀವೂ ಅವ್ರ ಯಾವುದೋ ಒಂದು ಹೊತ್ತು ಕಾಯಬೇಕು.

ಇನ್ನು ಸಾಲು ಹಿಡಿಯೋದು. ಸಾಲು ನೀವು ಕೂತ ಅರ್ಧ ಗಂಟೇಲೇ ಬರುತ್ತೆ ಅಂತ ಯಾವ ಗ್ಯಾರಂಟಿನೂ ಇಲ್ಲ. ನಡೀವಾಗ ಬರುತ್ತೆ, ಸ್ನಾನ ಮಾಡುವಾಗ ಬರುತ್ತೆ, ಯಾರದ್ದೋ ಮಾತು ಕೇಳಿಸ್ಕೊಳ್ತಾ ಇರುವಾಗ ಬರುತ್ತೆ, ನಿದ್ದೆ ಹತ್ತೋ ಮುಂಚಿನ ಆ ಐದು ನಿಮಿಷದಲ್ಲಂತೂ ಖಂಡಿತ ಬರುತ್ತೆ, ಬೆಳಗ್ಗೆ ನೆನಪಿರುತ್ತೆ ಅಂದ್ಕೊಂಡು ಮಲಗಿದ್ರೆ ಹೋಯ್ತು. ಹಾಸಿಗೆ ಪಕ್ಕ ಪೆನ್ನು ಕಾಗದ ಇಡಿ. ಅಮೆರಿಕದ ಕವಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಡಾಕ್ಟರ್, ಒಬ್ಬ ಪೇಷಂಟ್ ಹೋಗಿ ಇನ್ನೊಬ್ಬರು ಬರೋದ್ರೊಳಗೆ ಔಷಧಿ ಚೀಟಿ ಮೇಲೇ ಸಾಲು ಗೀಚಿಡ್ತಿದ್ರು. ಅಲ್ಲಿನದೇ ಕವಿ ಎಮಿಲಿ ಡಿಕಿನ್ಸನ್ ಹಳೇ ಲಕೋಟೆ ಬಿಡಿಸಿ ಅದರ ಒಳಮೈಯಲ್ಲಿ ಬರೀತಿದ್ರು. ಸ್ಟೀವನ್ಸ್ ಆಫೀಸಿಗೆ ನಡ್ಕೊಂಡೇ ಹೋಗ್ತಾ ದಾರೀಲಿ ಕವಿತೆ ಕಟ್ಟಿ, ಆಫೀಸಲ್ಲಿ ಸೆಕ್ರೆಟರಿ ಹತ್ರ ಟೈಪ್ ಮಾಡಿಸ್ತಿದ್ರು. ಫೋನಿನ ವಾಯ್ಸ್ ರೆಕಾರ್ಡರ್ ಕೂಡ ಒಳ್ಳೇದೇ, ಅದರಲ್ಲಿ ಸಾಲಿನ ಜೊತೆ ಅದು ಬಂದ ಲಯಾನೂ ಉಳಿಯುತ್ತೆ. ಬರೆದಿಟ್ಟ ಸಾಲು ಮಾರನೇ ದಿನ ನೋಡಿದಾಗ ಬರೀ ಮಾತಾಗಿ ಕಾಣ್ಸುತ್ತಲ್ಲ, ರೆಕಾರ್ಡಿಂಗ್ ಕೇಳಿದ್ರೆ ಎಲ್ಲಿ ನಿಂತಿದ್ರಿ, ಯಾವ ಅಕ್ಷರ ಒತ್ತಿದ್ರಿ ಅನ್ನೋದು ವಾಪಸ್ ಸಿಗುತ್ತೆ.

ಹೀಗೆ ಹಿಡಿದಿದ್ದನ್ನೆಲ್ಲ ವಾರಕ್ಕೊಂದ್ಸಲ ಒಂದೇ ನೋಟ್‌ಬುಕ್‌ಗೆ ಇಳಿಸಿ, ಪಕ್ಕದಲ್ಲಿ ತಾರೀಕು ಹಾಕಿ. ಚೀಟಿಗಳು ಹತ್ತು ಜಾಗದಲ್ಲಿ ಬಿದ್ದಿದ್ರೆ ಇದ್ದೂ ಇಲ್ಲದ ಹಾಗೆ. ಇಳಿಸುವಾಗ್ಲೇ ಎಷ್ಟೋ ಸಾಲು ಸತ್ತಿರೋದು ಗೊತ್ತಾಗುತ್ತೆ, ಯಾವುದೋ ಒಂದು ಮಾತ್ರ ಕೈ ಹಿಡ್ಕೊಳ್ಳುತ್ತೆ, ಆ ವಾರದ ಅರ್ಧ ಗಂಟೆಗಳೆಲ್ಲ ಅದಕ್ಕೇ.

ನಂಗೆ ತುಂಬಾ ಮುಖ್ಯ ಅನ್ಸೋದು ಕಿವಿ. ಗದ್ಯದ ಹಾಗೆ ಬರೀರಿ, ಮುಕ್ತವಾಗಿ ಬರೀರಿ, ಏನೂ ತೊಂದರೆ ಇಲ್ಲ, ಆದ್ರೆ ಕಿವಿ ಮಾತ್ರ ಪಳಗಿರಬೇಕು, ಅದು ಪಳಗೋಕೆ ಛಂದಸ್ಸಿನಷ್ಟು ಒಳ್ಳೇ ವ್ಯಾಯಾಮ ಇನ್ನೊಂದಿಲ್ಲ. ಸ್ಕೂಲಲ್ಲಿ ಪ್ರಸ್ತಾರ ಹಾಕಿ ಮಾರ್ಕ್ಸ್ ತಗೊಂಡು ಮರೆತವ್ರೇ ಜಾಸ್ತಿ, ಅದನ್ನ ಈಗ ಬರೆಯೋನ ಕಣ್ಣಿಂದ ನೋಡಿ. ಅಕ್ಷರ ಹೇಳೋಕೆ ಹಿಡಿಯೋ ಹೊತ್ತಿನ ಅಳತೆಗೆ ಮಾತ್ರೆ ಅಂತಾರೆ, ಹ್ರಸ್ವ ಅಕ್ಷರ ಒಂದು ಮಾತ್ರೆ, ದೀರ್ಘ ಎರಡು, ಒತ್ತಕ್ಷರದ ಹಿಂದಿನ ಅಕ್ಷರ ಮತ್ತೆ ಸೊನ್ನೆ ಇರೋ ಅಕ್ಷರ ಎರಡು, ಇಷ್ಟು ಗೊತ್ತಿದ್ರೆ ಶುರು ಮಾಡಬಹುದು. ಆರು ಸಾಲಿನ ಭಾಮಿನಿ ಷಟ್ಪದಿಯ ಸಣ್ಣ ಸಾಲಲ್ಲಿ ಮೂರು-ನಾಲ್ಕು-ಮೂರು-ನಾಲ್ಕು ಮಾತ್ರೆ ಬರುತ್ತೆ. ಸುಮ್ನೆ ಅಭ್ಯಾಸಕ್ಕೆ ಅಂತ ಹೀಗೊಂದು ಕಟ್ಟಿ ನೋಡಿ: "ಮಳೆಯ ಹನಿಗಳು ಬಿದ್ದ ಸದ್ದಿಗೆ / ಒಳಗೆ ಕುಳಿತವ ತಲೆಯ ಎತ್ತಿದ". ಮಳೆಯ ಮೂರು, ಹನಿಗಳು ನಾಲ್ಕು, ಬಿದ್ದ ಮೂರು, ಸದ್ದಿಗೆ ನಾಲ್ಕು, ಎರಡೂ ಸಾಲಿನ ಎರಡನೇ ಅಕ್ಷರ ಳಕಾರ, ಆದಿಪ್ರಾಸ ಕೂತಿದೆ. ಇದು ಕವಿತೆ ಅಲ್ಲ, ಆಗಬೇಕಾಗೂ ಇಲ್ಲ. ಆದ್ರೆ ದಿನಾ ಇಂಥ ಎರಡು ಸಾಲು ಕಟ್ತಾ ಹೋದ್ರೆ ಕೆಲವು ತಿಂಗಳಲ್ಲಿ ಯಾವ ಪದ ಭಾರ, ಯಾವುದು ಹಗುರ ಅನ್ನೋದು ಲೆಕ್ಕ ಹಾಕದೇನೇ ಕಿವಿಗೆ ತಿಳಿಯೋಕೆ ಶುರುವಾಗುತ್ತೆ, ಆಮೇಲೆ ನೀವು ಛಂದಸ್ಸನ್ನ ಪೂರ್ತಿ ಬಿಟ್ಟು ಬರೆದ್ರೂ ಸಾಲು ಎಲ್ಲಿ ಮುರೀಬೇಕು ಅಂತ ಕೈಗೆ ಗೊತ್ತಿರುತ್ತೆ. ಮೂರು ಮಾತ್ರೆ ಗಣದ, ಅಂದ್ರೆ ಗುಂಪಿನ, ನಡಿಗೇನೇ ಬೇರೆ, ಐದರದ್ದು ಬೇರೆ, ಸಿಟ್ಟಿನ ವಿಷಯಾನ ಮೂರರಲ್ಲಿ ಒಂದ್ಸಲ ಐದರಲ್ಲಿ ಒಂದ್ಸಲ ಬರೆದು ನೋಡಿ, ಸಿಟ್ಟೇ ಬದಲಾಗಿರುತ್ತೆ.

ಓದಿನ ವಿಷಯ ಚಿಕ್ಕದಾಗಿ. ಬರೆಯೋದಕ್ಕಿಂತ ಜಾಸ್ತಿ ಓದಿ, ಜೋರಾಗಿ ಓದಿ, ಇಷ್ಟವಾದ ಕವಿತೇನ ಕೈಯಾರೆ ಕಾಪಿ ಮಾಡಿ. ಬಾಯಿಪಾಠ ಮಾಡಿ, ಇದು ಹಳೇ ಕಾಲದ ಚಾಳಿ ಅಂತ ಬಿಡಬೇಡಿ. ರಷ್ಯಾದ ಕವಿ ಅನ್ನಾ ಅಖ್ಮತೋವಾ ಬರೆದ ರೆಕ್ವಿಯಂ ಅನ್ನೋ ಕವಿತಾಗುಚ್ಛವನ್ನ ಕಾಗದದ ಮೇಲೆ ಇಟ್ಕೊಳ್ಳೋದೇ ಅಪಾಯ ಅನ್ನೋ ಕಾಲದಲ್ಲಿ ಆಕೆ, ಆಕೆಯ ಗೆಳತಿಯರು ಬಾಯಲ್ಲೇ ಕಾಪಾಡಿದ್ರು, ಆಕೆ ಬರೆದು ತೋರಿಸೋದು, ಓದಿದವ್ರು ನೆನಪಿಟ್ಕೊಳ್ಳೋದು, ತಕ್ಷಣ ಕಾಗದ ಸುಟ್ಟುಹಾಕೋದು. ಅದು ಪುಸ್ತಕವಾಗಿದ್ದು 1963ರಲ್ಲಿ, ಅದೂ ದೇಶದ ಹೊರಗೆ ಮ್ಯೂನಿಕ್‌ನಲ್ಲಿ. ನಿಮ್ಮ ನಾಲಿಗೆ ಮೇಲೆ ಒಂದೈವತ್ತು ಒಳ್ಳೇ ಕವಿತೆ ಇದ್ರೆ, ಪೆನ್ನು ಹಿಡಿದಾಗ ಅವು ನಿಮ್ಮ ಹಿಂದೆ ನಿಂತು ಕೇಳ್ತಿರ್ತವೆ.

ತಿದ್ದೋದು. ಕವಿಯ ದಿನದಲ್ಲಿ ಹೆಚ್ಚಿನ ಪಾಲು ಇದೇನೇ, ಹೊರಗಿನವ್ರಿಗೆ ಇದು ಕಾಣಲ್ಲ. ಕುಮಾರವ್ಯಾಸ ತನ್ನ ಬಗ್ಗೆ ಹಲಗೆ ಬಳಪ ಹಿಡೀದೇ, ಇಟ್ಟ ಪದಾನ ಅಳಿಸದೇ ಬರೆದೆ ಅಂತ ಹೆಮ್ಮೆಯಿಂದ ಹೇಳ್ಕೊಂಡಿದ್ದಾನೆ, ಆ ಮಾತು ಓದಿದಾಗೆಲ್ಲ ಮೈ ಜುಮ್ಮನ್ನುತ್ತೆ, ಆದ್ರೆ ಅದನ್ನ ದಿನನಿತ್ಯದ ನಿಯಮ ಮಾಡ್ಕೊಬೇಡಿ. ಅಮೆರಿಕದ ಕವಿ ಎಲಿಜಬೆತ್ ಬಿಷಪ್ ಒಂದು ಕವಿತೆಗೆ ಇಪ್ಪತ್ತು ವರ್ಷಕ್ಕೂ ಮೇಲೆ ತಗೊಂಡ್ರು, ಸರಿಯಾದ ಪದ ಸಿಗದ ಕಡೆ ಖಾಲಿ ಜಾಗ ಬಿಟ್ಟು ಕಾಗದಾನ ಗೋಡೆ ಮೇಲಿನ ಬೋರ್ಡಿಗೆ ಚುಚ್ಚಿಡ್ತಿದ್ರು. ಈ ಖಾಲಿ ಬಿಡೋದನ್ನ ಎಲ್ಲರೂ ಕಲೀಬೇಕು ಅಂತ ನನ್ನ ಅಭಿಪ್ರಾಯ. ಪದ ಸಿಗ್ಲಿಲ್ಲ ಅಂತ ಹತ್ತಿರದ ಯಾವುದೋ ಪದ ತುಂಬಿಬಿಟ್ರೆ ಎರಡು ದಿನದಲ್ಲಿ ಕಣ್ಣಿಗೆ ಅದೇ ಅಭ್ಯಾಸ ಆಗಿ, ಆಮೇಲೆ ತಪ್ಪು ಅಂತ ಅನ್ಸೋದೇ ಇಲ್ಲ, ಖಾಲಿ ಬಿಟ್ರೆ ಮಾತ್ರ ಅದು ಕೇಳ್ತಾನೇ ಇರುತ್ತೆ.

ತಿದ್ದೋಕೆ ನಾನು ಹೇಳೋ ಕ್ರಮ ಇಷ್ಟು. ಮೊದಲ ಡ್ರಾಫ್ಟ್ ಮುಗಿದ ಮೇಲೆ ಕನಿಷ್ಠ ಎರಡು ವಾರ ಮುಚ್ಚಿಡಿ, ನೋಡಲೇಬೇಡಿ. ತೆಗೆದಾಗ ಮೊದಲು ಜೋರಾಗಿ ಓದಿ, ನಾಲಿಗೆ ತಡವರಿಸಿದ ಕಡೆ ಪೆನ್ಸಿಲಲ್ಲಿ ಗೆರೆ ಹಾಕಿ, ಯಾಕೆ ಅಂತ ಆಗಲೇ ಯೋಚನೆ ಮಾಡ್ಬೇಡಿ. ಎರಡನೇ ಸಲ ವಿಶೇಷಣಗಳನ್ನೆಲ್ಲ ಮುಚ್ಚಿ ಓದಿ, ಕನ್ನಡದಲ್ಲಿ ಕ್ರಿಯಾಪದಾನೇ ಎಷ್ಟೋ ಹೇಳಿಬಿಡುತ್ತೆ, ಮೆಲ್ಲಗೆ ನಡೆದ ಅನ್ನೋ ಬದಲು ತೆವಳಿದ ಅಂತಲೋ ನುಸುಳಿದ ಅಂತಲೋ ಬಂದ್ರೆ ಒಂದು ಪದವೇ ಉಳೀತು. ಮೂರನೇ ಸಲ ಮೊದಲ ಎರಡು ಸಾಲು ಮತ್ತೆ ಕೊನೇ ಎರಡು ಸಾಲು ಇಲ್ಲದೇ ಓದಿ ನೋಡಿ. ಮೊದಲ ಸಾಲುಗಳು ಸುಮಾರು ಸಲ ಕವಿತೆ ಶುರುವಾಗೋಕೆ ಮುಂಚೆ ಗಂಟಲು ಸರಿ ಮಾಡ್ಕೊಂಡಿದ್ದು, ಕೊನೇ ಸಾಲುಗಳು ಓದುಗನಿಗೆ ಅರ್ಥ ಆಗ್ಲಿಲ್ವೇನೋ ಅಂತ ಭಯಕ್ಕೆ ಹಾಕಿದ್ದು. ತೆಗೆದ್ರೂ ನಿಂತ್ಕೊಂಡ್ರೆ ತೆಗೆದೇಬಿಡಿ. ಹಳೇ ಡ್ರಾಫ್ಟ್ ಯಾವುದನ್ನೂ ಬಿಸಾಡಬೇಡಿ, ಕಂಪ್ಯೂಟರಲ್ಲಿ ಅದೇ ಫೈಲಿನ ಮೇಲೆ ತಿದ್ತಾ ಹೋಗ್ಬೇಡಿ, ತಾರೀಕು ಹಾಕಿ ಬೇರೆ ಬೇರೆ ಸೇವ್ ಮಾಡಿ, ಐದನೇ ಡ್ರಾಫ್ಟಲ್ಲಿ ಕಳೆದುಹೋಗಿದ್ದು ಎರಡನೇದ್ರಲ್ಲಿ ಜೀವಂತ ಇರುತ್ತೆ.

ಯಾರಿಗೆ ತೋರಿಸೋದು? ಎಲ್ಲರಿಗೂ ಅಲ್ಲ. ಒಬ್ರು ಅಥವಾ ಇಬ್ರು ಸಾಕು, ಅವ್ರು ಕವಿಗಳೇ ಆಗಿರಬೇಕಂತಿಲ್ಲ, ಚೆನ್ನಾಗಿದೆ ಅನ್ನೋ ಮಾತು ಬಿಟ್ಟು ಬೇರೆ ಮಾತು ಆಡೋ ಧೈರ್ಯ ಇರಬೇಕು ಅಷ್ಟೇ. ತೋರಿಸುವಾಗ ಹೇಗಿದೆ ಅಂತ ಕೇಳಬೇಡಿ, ಎಲ್ಲಿ ಬೋರ್ ಆಯ್ತು, ಯಾವ ಸಾಲು ಓದಿ ಮುಗಿದ ಮೇಲೂ ನೆನಪಿತ್ತು ಅಂತ ಕೇಳಿ. ಅವ್ರು ಹೇಳಿದ ಪರಿಹಾರ ಸುಮಾರು ಸಲ ನಿಮಗೆ ಹೊಂದಲ್ಲ, ಆದ್ರೆ ಅವ್ರು ಬೆರಳಿಟ್ಟ ಜಾಗ ಸಾಮಾನ್ಯವಾಗಿ ಸರಿಯಾಗೇ ಇರುತ್ತೆ. ಹಾಗೇ ಅವ್ರ ಬರಹಾನೂ ಅಷ್ಟೇ ಗಮನ ಕೊಟ್ಟು ಓದಿ.

ಮನೆಯವ್ರ ಬಗ್ಗೆ, ಗೆಳೆಯರ ಬಗ್ಗೆ ಬರೆಯೋ ವಿಚಾರ ಬಂದಾಗ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಬರೆಯೋಕೆ ಯಾರ ಅಪ್ಪಣೇನೂ ಬೇಡ, ಪ್ರಕಟ ಮಾಡೋಕೆ ಬೇಕು. ಇನ್ನೊಬ್ಬರ ಕಾಯಿಲೆ, ಇನ್ನೊಬ್ಬರ ಮುರಿದ ಮದುವೆ, ಮಗು ಅಳ್ತಾ ಹೇಳಿದ ಮಾತು ಇದೆಲ್ಲ ಕವಿತೆಗೆ ಬಂದಾಗ, ಬದುಕಿರೋರು ಅದನ್ನ ಓದ್ತಾರೆ ಅನ್ನೋದು ತಲೇಲಿರಲಿ. ಮೊದಲು ಅವ್ರಿಗೆ ಓದಿ ಹೇಳಿ. ಬೇಡ ಅಂದ್ರೆ ನೋಟ್‌ಬುಕ್ಕಲ್ಲೇ ಇರ್ಲಿ, ಅಥವಾ ಗುರುತು ಸಿಗದ ಹಾಗೆ ಬದಲಾಯಿಸಿ, ಕವಿತೆಗೆ ನಿಜ ಘಟನೆಯ ವಿವರ ಎಲ್ಲಾ ಬೇಕಾಗಿರೋದು ತೀರಾ ಅಪರೂಪ.

ಪತ್ರಿಕೆಗೆ ಕಳಿಸೋದು ಅರ್ಧ ಕವಿ ಕೆಲಸ ಅರ್ಧ ಗುಮಾಸ್ತೆ ಕೆಲಸ, ಎರಡನ್ನೂ ಒಂದೇ ದಿನ ಮಾಡ್ಬೇಡಿ. ತಿಂಗಳಲ್ಲಿ ಒಂದು ದಿನ ಇದಕ್ಕೇ ಇಡಿ. ಒಂದು ಪಟ್ಟಿ ಮಾಡಿ, ಯಾವ ಕವಿತೆ, ಎಲ್ಲಿಗೆ, ಯಾವತ್ತು ಕಳಿಸಿದ್ದು, ಏನಾಯ್ತು. ಒಂದೇ ಕವಿತೇನ ಎರಡು ಕಡೆ ಒಟ್ಟಿಗೆ ಕಳಿಸೋದನ್ನ ಕೆಲವ್ರು ಒಪ್ತಾರೆ ಕೆಲವ್ರು ಒಪ್ಪಲ್ಲ, ನಿಯಮ ಓದಿ ಕಳಿಸಿ, ಒಂದು ಕಡೆ ಆಯ್ಕೆ ಆದ್ರೆ ಇನ್ನೊಂದು ಕಡೆಗೆ ಅವತ್ತೇ ತಿಳಿಸಿ. ಫೇಸ್‌ಬುಕ್ಕಲ್ಲಿ ಹಾಕಿದ್ದನ್ನ ಪ್ರಕಟವಾಗಿದ್ದು ಅಂತ ಲೆಕ್ಕ ಹಾಕೋ ಸಂಪಾದಕರು ಸುಮಾರು ಜನ ಇದ್ದಾರೆ, ಪತ್ರಿಕೆಗೆ ಅಂತ ಇಟ್ಟಿದ್ದನ್ನ ಅಲ್ಲಿ ಹಾಕ್ಬೇಡಿ. ಟೈಪ್ ಮಾಡೋದು ಯೂನಿಕೋಡಲ್ಲೇ ಮಾಡಿ, ಹಳೇ ನುಡಿ ಅಥವಾ ಬರಹ ಫಾಂಟಲ್ಲಿ ಟೈಪ್ ಮಾಡಿದ ಫೈಲ್ ಬೇರೆಯವ್ರ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ದಿದ್ರೆ ಕಲಸುಮೇಲೋಗರ ಆಗುತ್ತೆ, ಜೊತೆಗೆ ಒಂದು ಪಿಡಿಎಫ್ ಇಟ್ರೆ ಸಾಲು ಎಲ್ಲಿ ಮುರಿದಿದೆ ಅಂತ ಅವ್ರಿಗೆ ಅನುಮಾನ ಬರಲ್ಲ. ಕವಿತೆಯ ಅರ್ಥ ವಿವರಿಸೋ ಪತ್ರ ಬೇಡವೇ ಬೇಡ, ಎರಡು ಸಾಲಿನ ಪರಿಚಯ ಸಾಕು.

ವಾಪಸ್ ಬರುತ್ತೆ, ಖಂಡಿತ ಬರುತ್ತೆ, ಇಲ್ಲಾ ಉತ್ತರಾನೇ ಬರಲ್ಲ. ಡಿಕಿನ್ಸನ್ ಸುಮಾರು 1800 ಕವಿತೆ ಬರೆದು, ಬದುಕಿದ್ದಾಗ ಅಚ್ಚಾಗಿದ್ದು ಹತ್ತೋ ಏನೋ, ಅಷ್ಟೇ. ಇದನ್ನ ಸಮಾಧಾನಕ್ಕೆ ಹೇಳ್ತಿಲ್ಲ, ಅಚ್ಚಾಗೋದಕ್ಕೂ ಬರೆಯೋದಕ್ಕೂ ಇರೋ ನಂಟು ಎಷ್ಟು ಸಡಿಲ ಅಂತ ತೋರಿಸೋಕೆ ಹೇಳ್ತಿದೀನಿ. ವಾಪಸ್ ಬಂದ ದಿನ ಆ ಕವಿತೇನ ತಿದ್ದೋಕೆ ಹೋಗ್ಬೇಡಿ, ಬೇಜಾರಲ್ಲಿ ತಿದ್ದಿದ್ರೆ ಒಳ್ಳೇ ಸಾಲೇ ಮೊದಲು ಹೋಗುತ್ತೆ. ಒಂದು ವಾರ ಬಿಟ್ಟು ಓದಿ, ಇನ್ನೂ ನಂಬಿಕೆ ಇದ್ರೆ ಹಾಗೇ ಬೇರೆ ಕಡೆ ಕಳಿಸಿ.

ಕವಿಗೋಷ್ಠಿಗೆ ಕರೆದ್ರೆ ಹೋಗಿ, ಮನೇಲಿ ಗಡಿಯಾರ ಇಟ್ಕೊಂಡು ಜೋರಾಗಿ ಓದಿ ಅಭ್ಯಾಸ ಮಾಡಿ ಹೋಗಿ. ಐದು ನಿಮಿಷ ಅಂದ್ರೆ ನಾಲ್ಕಕ್ಕೆ ಮುಗಿಯೋ ಹಾಗೆ ಆರಿಸ್ಕೊಳ್ಳಿ, ನಿಮ್ಮ ನಂತರ ಓದೋರ ಟೈಮ್ ತಿನ್ನೋದು ತುಂಬಾ ದೊಡ್ಡ ಅಗೌರವ. ಕಣ್ಣಿಗೆ ಕವಿತೆ ಮತ್ತೆ ಸಿಗುತ್ತೆ, ಕಿವಿಗೆ ಒಂದೇ ಸಲ, ಹಾಗಾಗಿ ತುಂಬಾ ಗಂಟು ಗಂಟಾಗಿರೋದನ್ನ ಗೋಷ್ಠಿಗೆ ತಗೊಂಡು ಹೋಗ್ಬೇಡಿ. ಮನೆ ವೇಗಕ್ಕಿಂತ ನಿಧಾನಕ್ಕೆ ಓದಿ. ಅಕ್ಷರ ದೊಡ್ಡದಾಗಿ ಪ್ರಿಂಟ್ ತೆಗೆದುಕೊಳ್ಳಿ, ಫೋನ್ ನೋಡಿ ಓದುವಾಗ ಸ್ಕ್ರೀನ್ ಆರಿಹೋಗಿ ಲಯ ಕಡಿಯೋದು ಕೇಳೋರಿಗೂ ಹಿಂಸೆ. ನಿಮ್ಮದು ಓದಿ ಎದ್ದು ಹೋಗ್ಬೇಡಿ, ಕೊನೇವರೆಗೂ ಕೂತು ಬೇರೆಯವ್ರದ್ದು ಕೇಳಿ, ಅವತ್ತಿನ ನಿಜವಾದ ಲಾಭ ಅದೇ.

ಏನೂ ಬರದ ತಿಂಗಳುಗಳು ಬರ್ತವೆ. ಆಗ ಭಯ ಬೀಳೋದು ಸಹಜ, ಆದ್ರೆ ಕೂರೋ ಹೊತ್ತನ್ನ ಬಿಡಬೇಡಿ, ಮಾಡೋ ಕೆಲಸ ಮಾತ್ರ ಬದಲಾಯಿಸಿ. ಅನುವಾದ ಮಾಡಿ, ನಿಮಗೆ ಗೊತ್ತಿರೋ ಇನ್ನೊಂದು ಭಾಷೆಯ ಒಂದು ಕವಿತೆ ತಗೊಂಡು ಕನ್ನಡಕ್ಕೆ ತರೋಕೆ ಕೂತ್ರೆ ಹೇಳೋಕೆ ಏನೂ ಇಲ್ಲದಿದ್ರೂ ಪದ ಹುಡುಕೋ ಕೈ ಚುರುಕಾಗೇ ಇರುತ್ತೆ. ನಿಘಂಟು ಓದಿ, ಹಿರಿಯರ ಬಾಯಲ್ಲಿ ಕೇಳಿದ, ಈಗ ಯಾರೂ ಬಳಸದ ಪದಗಳನ್ನ ಬರೆದಿಡಿ, ಹಳೇ ನೋಟ್‌ಬುಕ್ ತಿರುವಿ ಹಾಕಿ. ನಿದ್ದೆ ಸರಿ ಇಲ್ಲ, ಊಟ ಸೇರ್ತಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನೋ ಹಾಗೆ ವಾರಗಟ್ಟಲೆ ಆದ್ರೆ ಅದನ್ನ ಕವಿಯ ಸಂಕಟ ಅಂತ ಒಪ್ಕೊಂಡು ಕೂರಬೇಡಿ, ಡಾಕ್ಟರ್ ಹತ್ರ ಹೋಗಿ. ದುಃಖ ಇದ್ರೇನೇ ಕವಿತೆ ಅನ್ನೋ ಮಾತು ತುಂಬಾ ಜನರನ್ನ ಹಾಳು ಮಾಡಿದೆ.

ಹೀಗೆ ಕೆಲವು ವರ್ಷ ಹೋದ್ಮೇಲೆ ಸಂಕಲನ ಮಾಡೋಣ ಅನ್ಸುತ್ತೆ. ಅವಸರ ಬೇಡ. ಎಲ್ಲಾ ಕವಿತೆ ಪ್ರಿಂಟ್ ತೆಗೆದು ನೆಲದ ಮೇಲೆ ಹರಡಿ, ಒಂದೇ ಮಾತನ್ನ ಹೇಳ್ತಿರೋ ಎರಡು ಕವಿತೆ ಇದ್ರೆ ಒಂದನ್ನ ತೆಗೀರಿ, ಯಾವುದೋ ಪತ್ರಿಕೇಲಿ ಬಂದಿದೆ ಅನ್ನೋ ಒಂದೇ ಕಾರಣಕ್ಕೆ ಯಾವುದನ್ನೂ ಸೇರಿಸಬೇಡಿ. ಬರೆದ ಕ್ರಮದಲ್ಲಿ ಜೋಡಿಸಬೇಕಂತಿಲ್ಲ, ಒಂದರ ಕೊನೇ ಸಾಲು ಮುಂದಿನದ್ದರ ಮೊದಲ ಸಾಲಿಗೆ ಹೇಗೆ ತಾಗುತ್ತೆ ಅಂತ ಓದಿ ಓದಿ ಜೋಡಿಸಿ. ಪ್ರೂಫ್ ಬಂದಾಗ ನೀವೊಬ್ಬರೇ ನೋಡ್ಬೇಡಿ, ನಿಮ್ಮ ಕಣ್ಣು ಇರೋದನ್ನ ಬಿಟ್ಟು ಇರಬೇಕಾಗಿದ್ದನ್ನ ಓದುತ್ತೆ. ಅರ್ಕಾವತ್ತು, ಅಲ್ಪಪ್ರಾಣ ಮಹಾಪ್ರಾಣ, ಫಾಂಟ್ ಬದಲಾದಾಗ ಒಡೆದುಹೋಗೋ ಒತ್ತಕ್ಷರ, ಇವನ್ನ ಒಂದ್ಸಲ ಅದಕ್ಕೇ ಅಂತ ನೋಡಿ. ಪುಟದ ಕೊನೇಲಿ ಕವಿತೆಯ ಒಂದು ನುಡಿ (ಸಾಲುಗಳ ಒಂದು ಗುಂಪು) ಮುಗಿದ್ರೆ ಅಲ್ಲಿ ಖಾಲಿ ಸಾಲು ಇತ್ತೋ ಇಲ್ವೋ ಅಂತ ಓದುಗನಿಗೆ ತಿಳಿಯಲ್ಲ, ಅಂಥ ಪುಟಗಳನ್ನ ಗುರುತು ಮಾಡಿ, ಒಂದೆರಡು ಸಾಲು ಮೇಲಕ್ಕೋ ಕೆಳಕ್ಕೋ ಸರಿಸೋಕೆ ಪ್ರೆಸ್‌ನವ್ರಿಗೆ ಹೇಳಿ, ಸರಿಸಿದ ಮೇಲೆ ಮತ್ತೊಂದು ಪ್ರೂಫ್ ಕೇಳಿ ತರಿಸ್ಕೊಳ್ಳಿ.